ಲಾಭದ ಅಳತೆಗೆ ನಿಲುಕದ ತಂದೆ

ಬಾಲಯೇಸುವಿನ ಸಂತ ತೆರೇಸಾರ ತಂದೆ ಲೂಯಿ ಮಾರ್ಟಿನ್ (1823–1894) ಫ್ರಾನ್ಸಿನ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರ ಹಾಗೂ ಆಭರಣಗಳ ವ್ಯಾಪಾರಿಯಾಗಿದ್ದರು. ಹಳ್ಳಿಗರು ಪೇಟೆಗೆ ಬರುತ್ತಿದ್ದ ಭಾನುವಾರವೇ ಅವರ ಅಂಗಡಿ ಮುಚ್ಚಿರುತ್ತಿತ್ತು. ಪ್ರಭುವಿನ ದಿನದಂದು ಕೈತಪ್ಪಿದ ಲಾಭವನ್ನು ಅವರು ನಷ್ಟವೆಂದು ಬಗೆಯಲಿಲ್ಲ.

ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. 1877ರಲ್ಲಿ ಪತ್ನಿ ಸೆಲಿಯೂ ಅಗಲಿದರು. ಉಳಿದ ಐವರು ಪುತ್ರಿಯರನ್ನು ಸಲಹಿದ ಅವರು, ಮೂವರನ್ನು ತಾವೇ ಕಾರ್ಮೆಲ್ ಮಠಕ್ಕೆ ಒಪ್ಪಿಸಿಕೊಟ್ಟರು. ಮುಪ್ಪಿನಲ್ಲಿ ಬುದ್ಧಿ ಮಸುಕಾಗಿ, 1889ರಿಂದ 1892ರವರೆಗೆ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದರು. ಆದರೂ ಪುತ್ರಿಯರ ಕಣ್ಣಲ್ಲಿ ಆ ತಂದೆಯ ಬೆಲೆ ಕುಂದಲಿಲ್ಲ. 2015ರಲ್ಲಿ ಧರ್ಮಸಭೆಯು ಲೂಯಿ ದಂಪತಿಯನ್ನು ಒಟ್ಟಿಗೆ ಸಂತರೆಂದು ಘೋಷಿಸಿತು.

ಪ್ರಿಯ ವಾಚಕರೇ, ದುಡಿಯುವಷ್ಟು ಕಾಲ ಮಾತ್ರವೇ ತಂದೆ ತಂದೆಯೆನಿಸುವುದೇ? ನಮ್ಮ ಮನೆಯ ಹಿರಿಯರ ಮಂಚದ ಬಳಿ ಕುಳಿತು ಉತ್ತರಿಸೋಣ.