ಹೆಸರಿಲ್ಲದ ಕವರು, ಆರ್ಥರ್ ರೋಡಿನ ಬೇಲಿ

ವಿಂಬಲ್ಡನ್ ಅಂದರೆ ನಮ್ಮವರಿಗೆ ಟೆನಿಸ್. ಆ ಹುಲ್ಲಿನ ಅಂಗಳದ ಕಡೆ ತಿರುಗಿಯೂ ನೋಡದೆ ಯಾರದ್ದೋ ಮನೆಯ ಬೇಲಿ ಹುಡುಕಿಕೊಂಡು ಹೊರಟ ನನ್ನನ್ನು ಕಂಡು, ಲಂಡನ್ನಿನಲ್ಲಿ ನೆಲೆಸಿರುವ ತಂಗಿಗೆ ನಗು. ‘ಅಣ್ಣಾ, ಇದಕ್ಕಾ ಬೆಂಗಳೂರಿಂದ ಬಂದಿದ್ದು?’ ಅಂದಳು. ಆದರೂ ಜೊತೆಗೆ ಬಂದಳು. ವಿಂಬಲ್ಡನ್ ಪಾರ್ಕ್ ಸ್ಟೇಷನ್ನಿನಿಂದ ಆಚೆ ಬಂದರೆ ಕಾಲಿಟ್ಟಿದ್ದೇ ಆರ್ಥರ್ ರೋಡ್. ಅಲ್ಲಿಂದ ಸೇಂಟ್ ಮೇರಿ ಚರ್ಚಿನವರೆಗೂ ಏರು. ಚರ್ಚಿನ ಚೂಪು ಗೋಪುರ ಕಣ್ಣಿಗೆ ಬಿದ್ದ ಕೂಡಲೇ ಮೊಬೈಲಿನಲ್ಲಿದ್ದ ಚಿತ್ರ ತೆರೆದು ಎತ್ತಿ ಹಿಡಿದೆ. ಎರಡು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಎಡಕ್ಕೆ. ಗೋಪುರ ಗೋಪುರಕ್ಕೆ ಕೂಡಿತು. ಕೆಟ್ಟ ಸಿನಿಮಾ ನೋಡಿಯೂ ಅಳುವ ಜಾತಿ ನನ್ನದಲ್ಲ, ಆದರೆ ಆ ಕ್ಷಣ ಕುತ್ತಿಗೆಯ ಹಿಂದೆ ಜುಮ್ಮೆಂದದ್ದು ನಿಜ.

ಆ ಚಿತ್ರ 1969ರಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ತಂಡ ಹೊರತಂದ ‘ಅನ್‌ಹಾಫ್‌ಬ್ರಿಕಿಂಗ್’ ಎಲ್‌ಪಿಯ ಕವರು. ಮುಂದೆ ನಿಂತಿರುವವರು ನಡುವಯಸ್ಸು ದಾಟಿದ ಗಂಡ ಹೆಂಡತಿ: ನೀಲ್ ಡೆನ್ನಿ ಮತ್ತು ಎಡ್ನಾ ಡೆನ್ನಿ. ತಂಡದ ಗಾಯಕಿ ಸ್ಯಾಂಡಿ ಡೆನ್ನಿಯ ಅಪ್ಪ, ಅಮ್ಮ. ಹಾಡುವ ಮಗಳಾಗಲಿ ಅವಳ ಗೆಳೆಯರಾಗಲಿ ಮೊದಲ ನೋಟಕ್ಕೆ ಸಿಗುವುದಿಲ್ಲ. ಬೇಲಿಯ ಪಟ್ಟಿಗಳ ಸಂದಿಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ, ಹಿಂದಿನ ಹುಲ್ಲುಹಾಸಿನ ಮೇಲೆ ಉದ್ದಕೂದಲಿನ ಹುಡುಗರು ಕೂತಿರುವುದು ಚೂರು ಚೂರಾಗಿ ಕಾಣುತ್ತದೆ. ಕವರಿನ ಮೇಲೆ ತಂಡದ ಹೆಸರಿಲ್ಲ, ಹಾಡಿನ ತಟ್ಟೆಯ ಹೆಸರೂ ಇಲ್ಲ. ಅಂಗಡಿಯಲ್ಲಿ ಇದನ್ನು ಎತ್ತಿಕೊಂಡವನು ಬ್ಯಾಂಕಿನವರ ಕುಟುಂಬದ ಫೋಟೊ ಅಂದುಕೊಂಡಿದ್ದರೂ ತಪ್ಪಿಲ್ಲ.

ಬ್ರಿಟನ್ನಿನಲ್ಲಿ ಈ ಹುಡುಗಾಟ ನಡೆಯಿತು. ಅಮೆರಿಕದ ಕಂಪನಿಗೆ ಇದು ಹಿಡಿಸಲಿಲ್ಲ. ಅವರು ಅಪ್ಪ ಅಮ್ಮನನ್ನು ಕಿತ್ತುಹಾಕಿ ಸರ್ಕಸ್ಸಿನ ಆನೆಗಳ ಚಿತ್ರ ಹಾಕಿದರು! ಯಾವ ಲೆಕ್ಕದಲ್ಲಿ ಆನೆ ಅನ್ನುವುದು ಇವತ್ತಿಗೂ ನನ್ನ ತಲೆಗೆ ಹೋಗಿಲ್ಲ. ಎಲ್‌ಪಿಯ ಹೆಸರಿಗೂ ಅರ್ಥವಿಲ್ಲ. ಊರೂರು ತಿರುಗುವಾಗ ವ್ಯಾನಿನಲ್ಲಿ ಹೊತ್ತು ಕಳೆಯಲು ಆಡುತ್ತಿದ್ದ ಪದದಾಟದಲ್ಲಿ ಸ್ಯಾಂಡಿ ಹುಟ್ಟಿಸಿದ ಸುಳ್ಳು ಪದ ಅದು. ಆ ವರ್ಷ ಮೇ ತಿಂಗಳಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ ಮುಗಿಸಿ ಬರುತ್ತಿದ್ದಾಗ ಎಂ1 ಹೆದ್ದಾರಿಯಲ್ಲಿ ತಂಡದ ವ್ಯಾನು ಮಗುಚಿತು. 19 ವರ್ಷದ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಜೊತೆಗಿದ್ದ ಜೀನಿ ಫ್ರಾಂಕ್ಲಿನ್ ಎಂಬಾಕೆಯೂ ಹೋದಳು. ಸ್ಯಾಂಡಿ ಬೇರೆ ಗಾಡಿಯಲ್ಲಿ ಬಂದಿದ್ದರಿಂದ ಉಳಿದಳು. ಎಲ್‌ಪಿ ಮಾರುಕಟ್ಟೆಗೆ ಬಂದದ್ದು ಜುಲೈಯಲ್ಲಿ.

ಆರ್ಥರ್ ರೋಡಿನ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಗೇಟಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಚೆನ್ನಾಗಿರಲ್ಲ ಅಂತ ತಂಗಿ ತೋಳು ಎಳೆದಳು. ಸರಿಯೇ. ನಾಯಿ ಓಡಾಡಿಸುತ್ತಿದ್ದ ಒಬ್ಬರು ನನ್ನನ್ನೂ ಮೊಬೈಲನ್ನೂ ನೋಡಿ, ಎಲ್ಲ ಗೊತ್ತು ಅನ್ನುವ ಹಾಗೆ ತಲೆಯಾಡಿಸಿ ಮುಂದೆ ಹೋದರು. ನನ್ನಂಥ ಹುಚ್ಚರು ಅಲ್ಲಿಗೆ ಹೊಸಬರೇನಲ್ಲವೆಂದು ಕಾಣುತ್ತದೆ.

ಸ್ಯಾಂಡಿಯ ಉಳಿದ ಕಥೆ ಬಲ್ಲವರಿಗೆ ಗೊತ್ತು. 1947ರ ಜನವರಿಯಲ್ಲಿ ಹುಟ್ಟು. ಬಾಲ್ಯದಲ್ಲಿ ಶಾಸ್ತ್ರೀಯ ಪಿಯಾನೊ ಪಾಠ, ಕೆಲವು ತಿಂಗಳು ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಕಿಂಗ್‌ಸ್ಟನ್ನಿನ ಕಲಾ ಕಾಲೇಜು, ಸಂಜೆಯಾದರೆ ಸೋಹೊದ ಗ್ರೀಕ್ ಸ್ಟ್ರೀಟಿನ ನೆಲಮಾಳಿಗೆಯ ಫೋಕ್ ಕ್ಲಬ್ಬು. 1967ರಲ್ಲಿ ಸ್ಟ್ರಾಬ್ಸ್ ತಂಡದ ಜೊತೆ ಕೋಪನ್‌ಹೇಗನ್ನಿನಲ್ಲಿ ಧ್ವನಿಮುದ್ರಣ. ಅದರಲ್ಲಿ ‘ಹೂ ನೋಸ್ ವೇರ್ ದಿ ಟೈಮ್ ಗೋಸ್’ ಕೂಡ ಇತ್ತು. ಇಪ್ಪತ್ತರ ಹುಡುಗಿ ಕಾಲ ಸರಿಯುವುದನ್ನು ಅಷ್ಟು ಶಾಂತವಾಗಿ ನೋಡಿ ಬರೆದಳಲ್ಲ ಎಂದು ನನಗೆ ಈಗಲೂ ಹೊಟ್ಟೆಕಿಚ್ಚು. 1968ರಲ್ಲಿ ಜೂಡಿ ಕಾಲಿನ್ಸ್ ಅದನ್ನು ಹಾಡಿದರು, ಆಮೇಲೆ ನೀನಾ ಸಿಮೋನ್. 2007ರಲ್ಲಿ ಬಿಬಿಸಿ ರೇಡಿಯೊ 2ರ ಕೇಳುಗರು ಅದನ್ನೇ ತಮ್ಮ ಅತಿ ಮೆಚ್ಚಿನ ಫೋಕ್ ಹಾಡೆಂದು ಆರಿಸಿದರು.

1968ರ ಮೇಯಲ್ಲಿ ಫೇರ್‌ಪೋರ್ಟ್ ಸೇರಿದಾಗ ಆ ತಂಡ ಅಮೆರಿಕದ ಹಾಡುಗಳ ಗುಂಗಿನಲ್ಲಿತ್ತು. ಕ್ಲಬ್ಬುಗಳಲ್ಲಿ ಕಲಿತ ಹಳೆಯ ಇಂಗ್ಲಿಷ್ ಲಾವಣಿಗಳನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಹಾಡಿ ಹಾಡಿ ಅವರಿಗೆ ಅಂಟಿಸಿದವಳು ಇವಳು. ‘ಎ ಸೇಲರ್ಸ್ ಲೈಫ್’ ಒಂದೇ ಬಾರಿಗೆ ಮುದ್ರಿಸಿದ್ದು, 11 ನಿಮಿಷ. ಅದೇ ದಾರಿಯಲ್ಲಿ 1969ರ ಕೊನೆಗೆ ‘ಲೀಜ್ ಅಂಡ್ ಲೀಫ್’ ಬಂತು. ಅಷ್ಟರಲ್ಲಿ ಅವಳು ತಂಡ ಬಿಟ್ಟಾಗಿತ್ತು. ತಂಡದವರಿಗೆ ಹಳೆಯ ಹಾಡುಗಳ ರುಚಿ ಹತ್ತಿತ್ತು. ರುಚಿ ಹತ್ತಿಸಿದವಳಿಗೋ ತನ್ನ ಹಾಡು ಬರೆಯುವ ಆಸೆ.

ಇಲ್ಲೇ ನನ್ನ ತಕರಾರು ಶುರು. ಸ್ಯಾಂಡಿಯ ಬಗ್ಗೆ ಬರೆಯುವವರೆಲ್ಲ ಎರಡೇ ವಿಷಯ ಹಿಡಿಯುತ್ತಾರೆ: ಕಂಠ, ಕುಡಿತ. ಲೆಡ್ ಝೆಪ್ಪೆಲಿನ್‌ನ ‘ದಿ ಬ್ಯಾಟಲ್ ಆಫ್ ಎವರ್‌ಮೋರ್’ನಲ್ಲಿ ರಾಬರ್ಟ್ ಪ್ಲಾಂಟ್ ಜೊತೆ ಹಾಡಿದ್ದು ಸೇರಿಸಿದರೆ ಲೇಖನ ಮುಗಿಯಿತು. ಪಿಯಾನೊ ಎಲ್ಲಿ? ಗಿಟಾರ್ ಹಿಡಿದಾಗ ಅವಳು ಕ್ಲಬ್ಬಿನ ಹುಡುಗಿ. ಪಿಯಾನೊ ಮುಂದೆ ಕೂತ ಮೇಲೆ ಹಾಡಿನ ಆಕಾರವೇ ಬದಲಾಗುತ್ತದೆ. 1970ರಲ್ಲಿ ಟ್ರೆವರ್ ಲ್ಯೂಕಸ್ ಜೊತೆ ಕಟ್ಟಿದ ಫೋದರಿಂಗೇ ತಂಡದ ‘ನಥಿಂಗ್ ಮೋರ್’ ಕೇಳಿ. ಎಡಗೈ ಭಾರವಾಗಿ, ಅವಸರವಿಲ್ಲದೆ ಇಳಿಯುತ್ತದೆ. ಸಾಲು ಮುಗಿಯಿತು ಅಂದುಕೊಂಡಾಗ ಒಂದು ಸ್ವರಮೇಳ ಪಕ್ಕಕ್ಕೆ ಜಾರಿ ಹಾಡನ್ನು ಇನ್ನೊಂದು ಕೋಣೆಗೆ ಕರೆದೊಯ್ಯುತ್ತದೆ. ಬೆರಳಿನ ಚಮತ್ಕಾರ ಏನೂ ಇಲ್ಲ. ಉಸಿರು ತೆಗೆದುಕೊಳ್ಳಲು ತನಗೆ ಎಷ್ಟು ಜಾಗ ಬೇಕೋ ಅಷ್ಟನ್ನು ಕೈಯೇ ಬಿಟ್ಟುಕೊಡುತ್ತದೆ. ಹಾಡುವವಳೇ ನುಡಿಸಿದರೆ ಮಾತ್ರ ಬರುವ ಹದ ಅದು.

ಆ ತಂಡವೂ ವರ್ಷ ಬಾಳಲಿಲ್ಲ. ಸ್ಯಾಂಡಿ ಒಬ್ಬಳೇ ಹಾಡಬೇಕು ಅನ್ನುವುದು ನಿರ್ಮಾಪಕ ಜೋ ಬಾಯ್ಡ್ ಅವರ ಪಟ್ಟು. ಆಮೇಲೆ ಅವರೂ ಅಮೆರಿಕಕ್ಕೆ ಹೋದರು. 1970, 71 ಎರಡೂ ವರ್ಷ ‘ಮೆಲೊಡಿ ಮೇಕರ್’ ಪತ್ರಿಕೆಯ ಓದುಗರು ಬ್ರಿಟನ್ನಿನ ಅತ್ಯುತ್ತಮ ಗಾಯಕಿ ಎಂದು ಆರಿಸಿದ್ದು ಇವಳನ್ನೇ, ಆದರೆ ಎಲ್‌ಪಿ ಮಾರಾಟ ಆ ಮಟ್ಟಕ್ಕೆ ಏರಲಿಲ್ಲ. ಕಂಪನಿ ಜನಪ್ರಿಯತೆಯ ದಾರಿ ಹುಡುಕಿತು. ‘ಲೈಕ್ ಆನ್ ಓಲ್ಡ್ ಫ್ಯಾಷನ್ಡ್ ವಾಲ್ಟ್ಜ್’ ಬರುವ ಹೊತ್ತಿಗೆ ಪಿಟೀಲುಗಳ ದಂಡೇ ಬಂದು ಕೂತಿತ್ತು. ಪಿಟೀಲು ಸಂಯೋಜಿಸಿದ ಹ್ಯಾರಿ ರಾಬಿನ್ಸನ್ ಸಾಮಾನ್ಯರಲ್ಲ. ನಿಕ್ ಡ್ರೇಕ್‌ನ ‘ರಿವರ್ ಮ್ಯಾನ್’ಗೆ ಪಿಟೀಲು ಕೂಡಿಸಿದವರೂ ಅವರೇ, ಹ್ಯಾಮರ್ ಕಂಪನಿಯ ದೆವ್ವದ ಸಿನಿಮಾಗಳಿಗೆ ಸಂಗೀತ ಕೊಟ್ಟವರೂ ಅವರೇ. ಆದರೂ ಹೇಳಿಬಿಡುತ್ತೇನೆ: ಒಳ್ಳೆಯ ಸಾರಿಗೆ ತುಪ್ಪ ಸುರಿದು ಕೆಡಿಸಿದ ಹಾಗಾಯಿತು. ನಡುವೆ ಮತ್ತೆ ಫೇರ್‌ಪೋರ್ಟಿಗೆ ಮರಳಿ 1975ರಲ್ಲಿ ಒಂದು ಎಲ್‌ಪಿ. 1977ರ ‘ರಾಂದೆವೂ’ನಲ್ಲಿ ಎಲ್ಟನ್ ಜಾನ್ ಅವರ ಹಾಡನ್ನೂ ಹಾಡಿಸಿದರು. ಅದು ಸೋತ ಮೇಲೆ ಐಲೆಂಡ್ ಕಂಪನಿ ಕೈಬಿಟ್ಟಿತು. ಅದೇ ವರ್ಷ ಮಗಳು ಹುಟ್ಟಿದಳು. 1978ರ ಏಪ್ರಿಲ್ 21ರಂದು, ಬಿದ್ದು ತಲೆಗೆ ಪೆಟ್ಟಾಗಿ ಕೆಲವು ವಾರಗಳಾದ ಮೇಲೆ, ವಿಂಬಲ್ಡನ್ನಿನದೇ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಯಸ್ಸು 31.

ಅಲ್ಲಿಗೆ ಹತ್ತಿರದ ಪಟ್ನಿ ವೇಲ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ತುತಾಂಖಾಮನ್ ಸಮಾಧಿ ಹುಡುಕಿದ ಹೊವರ್ಡ್ ಕಾರ್ಟರ್ ಕೂಡ ಅಲ್ಲೇ ಮಲಗಿದ್ದಾನೆ. ಪಕ್ಕದಲ್ಲಿ ದೊಡ್ಡ ಸೂಪರ್ ಮಾರ್ಕೆಟ್ಟು. ತಂಗಿ ಹಾಲು, ಬ್ರೆಡ್ಡು ತರಲು ಅತ್ತ ಹೋದಳು, ನಾನು ಇತ್ತ ಬಂದೆ. ಕಲ್ಲಿನ ಮೇಲೆ ಮದುವೆಯ ನಂತರದ ಅಡ್ಡಹೆಸರು ಲ್ಯೂಕಸ್, ಕಂಸದಲ್ಲಿ ನಮಗೆ ಪರಿಚಯದ ಹೆಸರು.

ಹೊಸದಾಗಿ ಕೇಳುವವರಿಗೆ ಝೆಪ್ಪೆಲಿನ್ ಹಾಡಿನಿಂದ ಶುರು ಮಾಡಬೇಡಿ ಅನ್ನುತ್ತೇನೆ. 1971ರ ‘ದಿ ನಾರ್ತ್ ಸ್ಟಾರ್ ಗ್ರಾಸ್‌ಮನ್ ಅಂಡ್ ದಿ ರೇವನ್ಸ್’ ಹಾಕಿ, ಮೊದಲ ಹಾಡು ‘ಲೇಟ್ ನವೆಂಬರ್’. ಅಲ್ಲಿಂದ ನೇರ ‘ಗೋಲ್ಡ್ ಡಸ್ಟ್’ಗೆ ಬನ್ನಿ. 1977ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ಟಿ ಥಿಯೇಟರಿನಲ್ಲಿ ನಡೆದ ಕೊನೆಯ ಕಛೇರಿಯ ಮುದ್ರಣ ಅದು. ಟೇಪಿನಲ್ಲಿ ಗಿಟಾರ್ ಹಾಳಾಗಿತ್ತು. ಇಪ್ಪತ್ತು ವರ್ಷದ ನಂತರ ಹಳೆಯ ಗೆಳೆಯ ಜೆರ್ರಿ ಡೊನಾಹ್ಯೂ ಕೂತು ಆ ಭಾಗಗಳನ್ನು ಹೊಸದಾಗಿ ನುಡಿಸಿ ಸೇರಿಸಿದರು, 1998ರಲ್ಲಿ ಸಿಡಿ ಬಂತು. ಇಂಥ ತೇಪೆ ಕೆಲಸ ನನಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಇದಕ್ಕೆ ಮಾತ್ರ ತಕರಾರಿಲ್ಲ.