ಬೈಕ್ ಓಡಿಸೋದು ಗೊತ್ತಿರೋರಿಗೇ ಬೇಕು ಇನ್ನೊಂದು ತರಬೇತಿ

‘ಹದಿನೈದು ವರ್ಷದಿಂದ ಗಾಡಿ ಓಡಿಸ್ತಿದೀನಿ, ನನಗೇನ್ರೀ ಟ್ರೈನಿಂಗ್?’ ಅನುಭವಿ ಬೈಕ್ ಸವಾರರಿಗೂ ತರಬೇತಿ ಬೇಕು ಅಂದಾಗಲೆಲ್ಲ ನನಗೆ ಸಿಗುವ ಉತ್ತರ ಇದು. ನ್ಯಾಯವಾದ ಪ್ರಶ್ನೆಯೇ. ಎಂಜಿನಿಯರಿಂಗ್ ಓದಿದ್ದು ಇಂಥದ್ದಕ್ಕಾದರೂ ಉಪಯೋಗಕ್ಕೆ ಬರಲಿ ಅಂತ ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ.

ಗಂಟೆಗೆ 60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಒಣಗಿದ ಡಾಂಬರು ರಸ್ತೆ. ಎದುರಿಗೆ ಒಂದು ಆಟೊ ದಿಢೀರನೆ ತಿರುಗಿತು. ಎರಡೂ ಬ್ರೇಕನ್ನು ಸರಿಯಾಗಿ ಹಿಡಿಯಬಲ್ಲ ಸವಾರ, ಬ್ರೇಕ್ ಹಿಡಿದ ಮೇಲೆ ಸುಮಾರು 18 ಮೀಟರ್‌ನಲ್ಲಿ ನಿಲ್ತಾನೆ. ಹಿಂದಿನ ಬ್ರೇಕನ್ನಷ್ಟೇ ತುಳಿದವನಿಗೆ ಹತ್ತಿರ ಹತ್ತಿರ 40 ಮೀಟರ್ ಬೇಕು. ಇನ್ನೊಂದು ರೀತಿ ಹೇಳೋದಾದ್ರೆ, ಮೊದಲನೆಯವನು ಪೂರ್ತಿ ನಿಂತ ಜಾಗವನ್ನು ಎರಡನೆಯವನು ದಾಟುವಾಗ ಅವನ ಗಾಡಿ ಇನ್ನೂ 45 ಕಿ.ಮೀ. ವೇಗದಲ್ಲಿರುತ್ತೆ. ಅದೇ ಬೈಕು, ಅದೇ ಟೈರು. ವ್ಯತ್ಯಾಸ ಇರೋದು ಕೈಯಲ್ಲಿ.

ಕಾರಣ ಸರಳ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತೆ. ಮುಂದಿನ ಟೈರು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತೆ, ಹಿಂದಿನದು ಹಗುರಾಗಿ ಜಾರುತ್ತೆ. ಅಂದ್ರೆ ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದ್ದು. ನಮ್ಮಲ್ಲಿ ಅಣ್ಣಂದಿರು, ಮಾವಂದಿರು ಹೇಳಿಕೊಟ್ಟಿದ್ದೇನು? ‘ಮುಂದಿನ ಬ್ರೇಕ್ ಮುಟ್ಟಬೇಡ, ಬಿದ್ದೋಗ್ತೀಯ.’ ಮರಳಿನ ಮೇಲೆ, ತಿರುವಿನಲ್ಲಿ, ಗಾಬರಿಯಿಂದ ಗಬಕ್ಕನೆ ಹಿಡಿದರೆ ಅದು ನಿಜ. ಹಾಗಂತ ಮುಂದಿನ ಬ್ರೇಕನ್ನೇ ಮರೆತುಬಿಟ್ಟರೆ ಮೇಲಿನ ಲೆಕ್ಕದಲ್ಲಿ ನಾವು ಎರಡನೇ ಸವಾರರು.

ಇದು ಬರೀ ನಮ್ಮ ಸಮಸ್ಯೆಯಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿ ಕೊಟ್ಟಿತು. ಸವಾರರಿಗೆ ಸಿಕ್ಕ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಬಹಳಷ್ಟು ಮಂದಿ ಹಿಂದಿನ ಚಕ್ರವನ್ನು ಲಾಕ್ ಮಾಡಿ ಜಾರಿಸಿದ್ದರು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ. ಅವರಲ್ಲಿ ಶೇ 92ರಷ್ಟು ಮಂದಿ ತಾವೇ ಕಲಿತವರು ಅಥವಾ ಮನೆಯವರು, ಗೆಳೆಯರಿಂದ ಕಲಿತವರು. ನಾವೂ ಹಾಗೇ ಅಲ್ವಾ?

ಹದಿನೈದು ವರ್ಷದ ಅನುಭವ ಇಲ್ಲಿ ಯಾಕೆ ಕೈಕೊಡುತ್ತೆ ಅಂದ್ರೆ, ದಿನದ ಸವಾರಿಯಲ್ಲಿ ನಾವು ಅಭ್ಯಾಸ ಮಾಡೋದು ಮೆಲ್ಲಗೆ ನಿಲ್ಲಿಸೋದನ್ನು. ಪೂರ್ತಿ ಬಲದ ಬ್ರೇಕ್ ಬೇಕಾಗೋದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಆಗ ಯೋಚಿಸಲು ಸಮಯ ಇರಲ್ಲ, ರೂಢಿಯಲ್ಲಿರೋದನ್ನೇ ಕೈಕಾಲು ಮಾಡುತ್ತೆ. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿದ್ದು ನಿಧಾನವಾಗಿ ಬ್ಯಾಲೆನ್ಸ್ ಮಾಡೋಕೆ ಬರುತ್ತೆ ಅನ್ನೋದನ್ನಷ್ಟೇ ತೋರಿಸಿತು. ಅದೇ ಲೈಸೆನ್ಸ್‌ನಲ್ಲಿ ಇವತ್ತು 100 ಸಿಸಿ, ನಾಳೆ 1000 ಸಿಸಿ ಓಡಿಸಬಹುದು.

ಹಾಗಾದ್ರೆ ಮುಂದಿನ ಹಂತದ ತರಬೇತಿಯಲ್ಲಿ ಏನಿರುತ್ತೆ? ಮೊದಲನೆಯದು ಬ್ರೇಕು: ಲಿವರನ್ನು ಗಬಕ್ಕನೆ ಎಳೆಯದೆ, ಭಾರ ಮುಂದಕ್ಕೆ ಬರಲು ಬಿಟ್ಟು, ಹಿಂಡುತ್ತಾ ಹೋಗುವುದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯ. ಆದರೆ ಎಬಿಎಸ್ ಕೆಲಸ ಮಾಡುವಾಗ ಲಿವರ್ ನಡುಗುತ್ತೆ. ಆ ನಡುಕವನ್ನು ಮೊದಲ ಸಲ ಲಾರಿಯ ಮುಂದೆ ಅನುಭವಿಸಿದವನು ಹೆದರಿ ಕೈ ಬಿಟ್ಟುಬಿಡಬಹುದು.

ಎರಡನೆಯದು ಕಣ್ಣು. ಗುಂಡಿಯನ್ನೇ ನೋಡಿದರೆ ಗಾಡಿ ಗುಂಡಿಗೇ ಹೋಗುತ್ತೆ. ಹೋಗಬೇಕಾದ ಜಾಗ ನೋಡೋದನ್ನು ಅಭ್ಯಾಸದಿಂದಲೇ ಕಲಿಯಬೇಕು. ಮೂರನೆಯದು ತಿರುವು. ವೇಗದಲ್ಲಿದ್ದಾಗ ಬಲಕ್ಕೆ ಹೋಗಲು ಬಲಗೈಯ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು. ವಿಚಿತ್ರ ಅನ್ನಿಸುತ್ತಾ? ಕೀತ್ ಕೋಡ್ ಎಂಬ ಅಮೆರಿಕದ ತರಬೇತುದಾರ ಫ್ರೇಮಿಗೆ ಬೆಸೆದ, ತಿರುಗದ ಇನ್ನೊಂದು ಹ್ಯಾಂಡಲ್ ಇರುವ ಬೈಕ್ ಮಾಡಿಸಿದರು. ಅದನ್ನು ಹಿಡಿದು ಮೈ ಎಷ್ಟೇ ವಾಲಿಸಿದರೂ ಗಾಡಿ ಬೇಕಾದ ಕಡೆ ಸರಿಯಾಗಿ ತಿರುಗಲ್ಲ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ತಿರುವು ಅಂದುಕೊಂಡದ್ದಕ್ಕಿಂತ ಬಿಗಿಯಾದಾಗ ಜೀವ ಉಳಿಸೋದು ಈ ತಳ್ಳುವಿಕೆ.

ಇದಕ್ಕೆ ವಿರುದ್ಧದ ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಬೈಕ್ ತರಬೇತಿಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ 2010ರ ಕಾಕ್ರೇನ್ ವಿಮರ್ಶೆ, ಅಪಘಾತ ಕಡಿಮೆಯಾಗುತ್ತೆ ಎನ್ನಲು ಗಟ್ಟಿ ಪುರಾವೆ ಸಾಲದು ಎಂದಿತು. ಕಲಿತ ಹುಮ್ಮಸ್ಸಿನಲ್ಲಿ ಇನ್ನೂ ಜೋರಾಗಿ ಓಡಿಸುವ ಅಪಾಯವೂ ಇದೆ. ಅದಕ್ಕೇ ಕೋರ್ಸ್ ಆರಿಸುವಾಗ ನಾನು ನೋಡೋದು ಒಂದನ್ನೇ: ಇವರು ವೇಗ ಕಲಿಸ್ತಾರಾ, ನಿಲ್ಲಿಸೋದು ಮತ್ತು ಅಪಾಯವನ್ನು ಮೊದಲೇ ಗುರುತಿಸೋದು ಕಲಿಸ್ತಾರಾ?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5 ಮಂದಿ ದ್ವಿಚಕ್ರ ವಾಹನದವರು. ಹತ್ತು ಗಂಟೆ ಬೈಕ್ ಮೇಲೇ ಇರುವ ಡೆಲಿವರಿ ಹುಡುಗರಿಗೆ ಕಂಪನಿಗಳು ಟೀಶರ್ಟ್, ಬ್ಯಾಗ್ ಕೊಡ್ತವೆ. ವರ್ಷಕ್ಕೊಂದು ದಿನ, ಸಂಬಳ ಕತ್ತರಿಸದೆ, ಬ್ರೇಕಿಂಗ್ ತರಬೇತಿಯನ್ನೂ ಕೊಡಬೇಕು. ನಿಮ್ಮ ಮಟ್ಟಿಗೆ, ಹೆಲ್ಮೆಟ್ ಹಾಕಿಕೊಂಡು ಒಂದು ಖಾಲಿ, ಗಟ್ಟಿ ನೆಲ ಹುಡುಕಿ, 30 ಕಿ.ಮೀ. ವೇಗದಿಂದ ನೇರವಾಗಿ ನಿಲ್ಲಿಸಿ ನೋಡಿ. ಮುಂದಿನ ಬ್ರೇಕನ್ನು ಹಿಂಡುತ್ತಾ, ಹತ್ತು ಸಲ. ಎಷ್ಟು ಬೇಗ ನಿಲ್ತೀರಿ ಅನ್ನೋದು ಮೊದಲ ಸಲಕ್ಕೂ ಹತ್ತನೇ ಸಲಕ್ಕೂ ಎಷ್ಟು ಬದಲಾಯ್ತು ಅಂತ ಹೆಜ್ಜೆ ಹಾಕಿ ಅಳೆಯಿರಿ. ತರಬೇತಿ ಬೇಕಾ ಬೇಡವಾ ಅನ್ನೋದನ್ನು ಆಮೇಲೆ ತೀರ್ಮಾನಿಸಿ.