ಹಳೆಯ ಹಾಲು ಹಿಂಡುವ ಯಂತ್ರ: ದೋಷ ಗೊತ್ತಿದ್ದೂ ಕೊಂಡಿದ್ದೀರಾ?



ನಾಲ್ಕೈದು ಆಕಳು, ಎಮ್ಮೆ ಇರುವ ಮನೆಗಳಲ್ಲಿ ಈಗ ಹಾಲು ಹಿಂಡುವ ಯಂತ್ರ ಕಾಣುತ್ತಿದೆ. ಹೊಸದರ ಬೆಲೆ ಕೈಗೆಟುಕದವರು ಇನ್ನೊಬ್ಬರು ಬಳಸಿದ ಯಂತ್ರ ಕೊಳ್ಳುತ್ತಾರೆ. ಮಾರುವವರು, "ಪಲ್ಸೇಟರ್ ಆಗಾಗ ಹಿಡಿಯುತ್ತದೆ, ಅಷ್ಟೇ. ಬಾಕಿ ಎಲ್ಲಾ ಸರಿ ಇದೆ" ಎಂದು ಹೇಳಿಯೇ ಕೊಡುತ್ತಾರೆ. ಅಲ್ಲಿಂದ ಚಿಂತೆ ಶುರು. ಇಂದು ನಡೆಯುತ್ತದೋ ಇಲ್ಲವೋ, ಕೆಚ್ಚಲಿಗೆ ಏನಾದರೂ ಆದೀತೋ, ಸ್ವಸಹಾಯ ಸಂಘದ ಸಾಲ ತೀರುವ ಮೊದಲೇ ಯಂತ್ರ ಕೂತುಬಿಟ್ಟರೆ ಹೇಗೆ?

ಈ ಚಿಂತೆಗೆ ಉತ್ತರ ಒಂದೇ: ಆ ದೋಷ ಯಂತ್ರವನ್ನು ಕೆಡಿಸುವಂಥದ್ದೋ, ಆಕಳನ್ನು ಕೆಡಿಸುವಂಥದ್ದೋ ಎಂದು ಮೊದಲು ತಿಳಿಯಿರಿ. ಪಂಪ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಬಾವು ಬಂದು ಬತ್ತಿದ ಕೆಚ್ಚಲಿನ ಭಾಗ ಮತ್ತೆ ಹಾಲು ಕೊಡುವುದು ಕಷ್ಟ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಕರು ಮೊಲೆ ಚೀಪುವುದನ್ನು ನೋಡಿ. ಚೀಪುತ್ತದೆ, ನುಂಗುತ್ತದೆ, ಮತ್ತೆ ಚೀಪುತ್ತದೆ. ನುಂಗುವಾಗ ತೊಟ್ಟಿಗೆ ಬಿಡುವು ಸಿಗುತ್ತದೆ. ಯಂತ್ರದ ಪಂಪ್ ಗಾಳಿ ಎಳೆದು ಹಾಲು ತೆಗೆಯುತ್ತದೆ. ಪಲ್ಸೇಟರ್ ನಡುನಡುವೆ ಗಾಳಿ ಬಿಟ್ಟು, ಕಪ್ಪಿನೊಳಗಿನ ರಬ್ಬರ್ ಲೈನರ್ ತೊಟ್ಟನ್ನು ಮೆಲ್ಲಗೆ ಒತ್ತುವಂತೆ ಮಾಡುತ್ತದೆ. ಆಗ ತೊಟ್ಟಿನಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ಆಕಳಿಗೆ ಇದು ನಿಮಿಷಕ್ಕೆ ಸುಮಾರು 60 ಸಲ ಆಗಬೇಕು.

1889ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮರ್ಚ್‌ಲ್ಯಾಂಡ್ ಮಾಡಿದ ಯಂತ್ರ ಬಿಡುವಿಲ್ಲದೆ ಎಳೆಯುತ್ತಿತ್ತು. ಹಾಗೆ ಎಳೆದರೆ ತೊಟ್ಟಿನಲ್ಲಿ ರಕ್ತ ಕಟ್ಟಿ ಬಾವು ಬರುತ್ತದೆ. 1895ರಲ್ಲಿ ಅದೇ ದೇಶದ ಅಲೆಕ್ಸಾಂಡರ್ ಶೀಲ್ಸ್ ಅವರ 'ಥಿಸಲ್' ಯಂತ್ರದಲ್ಲಿ ಎಳೆತದ ನಡುವೆ ಬಿಡುವು ಕೊಡುವ ಏರ್ಪಾಡು ಬಂತು. ಪಲ್ಸೇಟರ್ ಹಿಡಿದುಕೊಂಡ ಯಂತ್ರವೆಂದರೆ 1895ಕ್ಕಿಂತ ಹಿಂದಿನ ಯಂತ್ರವೇ ಸರಿ.

ಯಾವ ದೋಷ ಎಷ್ಟು ಗಂಭೀರ?

1. ಪಲ್ಸೇಟರ್ ದೋಷ: ಒಂದು ಹೊತ್ತೂ ಬಳಸಬೇಡಿ. ಮೇವಿನ ಧೂಳು, ತೇವ, ಹರಿದ ಲೈನರ್‌ನಿಂದ ಒಳಗೆ ಹೋದ ಹಾಲು ಇದಕ್ಕೆ ಮುಖ್ಯ ಕಾರಣ. ಹಲವು ಸಲ ಬಿಚ್ಚಿ ಸ್ವಚ್ಛ ಮಾಡಿದರೆ ಅಥವಾ ಒಳಗಿನ ರಬ್ಬರ್ ಬದಲಿಸಿದರೆ ಸರಿಹೋಗುತ್ತದೆ. ಎಣ್ಣೆ ಮಾತ್ರ ಹಾಕಬೇಡಿ, ರಬ್ಬರ್ ಕೆಡುತ್ತದೆ.

2. ಗೇಜ್, ರೆಗ್ಯುಲೇಟರ್ ದೋಷ: ಇದೂ ಆಕಳಿಗೇ ಪೆಟ್ಟು. ಸಾಮಾನ್ಯವಾಗಿ ಆಕಳಿಗೆ 40ರಿಂದ 50 ಕಿಲೋಪ್ಯಾಸ್ಕಲ್, ಅಂದರೆ ಪಾದರಸದ 12ರಿಂದ 15 ಇಂಚು ಎಳೆತ ಸಾಕು. ಯಂತ್ರ ಬಂದ್ ಮಾಡಿದಾಗ ಗೇಜ್ ಮುಳ್ಳು ಸೊನ್ನೆಗೆ ಬರದಿದ್ದರೆ ಆ ಗೇಜನ್ನು ನಂಬಬೇಡಿ. ಎಮ್ಮೆಯ ತೊಟ್ಟಿನ ತುದಿ ಬಿಗಿ ಎಂದು ನೀವೇ ಎಳೆತ ಹೆಚ್ಚಿಸಬೇಡಿ, ಮೆಕ್ಯಾನಿಕ್‌ನಿಂದ ಹೊಂದಿಸಿಕೊಳ್ಳಿ.

3. ಲೈನರ್ ದೋಷ: ಬಿರುಕಿನಲ್ಲಿ ರೋಗಾಣು ಕೂರುತ್ತವೆ. ರಬ್ಬರ್ ಲೈನರ್ ಆಯುಷ್ಯ ಸುಮಾರು 2,500 ಹಿಂಡುವಿಕೆ ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಮೊದಲಿನವರು ಎಷ್ಟು ಬಳಸಿದ್ದರೋ ನಿಮಗೆ ಗೊತ್ತಿಲ್ಲ. ಆದ್ದರಿಂದ ಹಳೆ ಯಂತ್ರ ಮನೆಗೆ ತಂದ ದಿನವೇ ನಾಲ್ಕೂ ಲೈನರ್ ಒಟ್ಟಿಗೆ ಬದಲಿಸಿ.

4. ಪಂಪ್, ಮೋಟಾರ್ ದೋಷ: ಸದ್ದು, ಬಿಸಿ, ಎಣ್ಣೆ ಸೋರುವುದು ಹೆಚ್ಚಾಗಿ ಯಂತ್ರಕ್ಕೇ ನಷ್ಟ. ಎಳೆತ ಏರಿಳಿಯದೆ ಇದ್ದರೆ ರಿಪೇರಿಗೆ ಹಣ ಕೂಡಿಸುವವರೆಗೆ ನಡೆಸಬಹುದು. ಆದರೆ ಕೈಗೆ ಕರೆಂಟ್ ಜುಮ್ ಎಂದರೆ ತಕ್ಷಣ ನಿಲ್ಲಿಸಿ, ಅರ್ಥಿಂಗ್ ಮಾಡಿಸಿ. ಒದ್ದೆ ನೆಲದ ಮೇಲೆ ನಿಂತ ನಿಮಗೂ ಆಕಳಿಗೂ ಅದು ಜೀವದ ಅಪಾಯ.

ಮನೆಯಲ್ಲೇ ಪರೀಕ್ಷೆ

ಹೆಬ್ಬೆರಳ ಪರೀಕ್ಷೆ: ಕೈ ತೊಳೆದು, ಯಂತ್ರ ಚಾಲೂ ಮಾಡಿ, ಒಂದು ಕಪ್ಪಿನಲ್ಲಿ ಹೆಬ್ಬೆರಳಿಡಿ. ಉಳಿದ ಮೂರು ಕಪ್ಪು ಗಾಳಿ ಎಳೆಯದಂತೆ ಮಡಚಿ ಹಿಡಿಯಿರಿ. ಲೈನರ್ ಬೆರಳನ್ನು ಒತ್ತಿ ಬಿಡುವುದನ್ನು ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. 55ರಿಂದ 65 ಬಂದರೆ ಸರಿ. ಒತ್ತದೆ ಬರೀ ಎಳೆಯುತ್ತಿದ್ದರೆ ಆಕಳಿಗೆ ಹಾಕಬೇಡಿ. ನಾಲ್ಕೂ ಕಪ್ಪನ್ನು ಹೀಗೇ ನೋಡಿ.

ತೊಟ್ಟಿನ ಪರೀಕ್ಷೆ: ಕಪ್ಪು ತೆಗೆದ ಕೂಡಲೇ ತೊಟ್ಟು ನೋಡಿ, ಮುಟ್ಟಿ. ಮೆತ್ತಗಿದ್ದು ಬಣ್ಣ ಮೊದಲಿನಂತೆಯೇ ಇರಬೇಕು. ಕೆಂಪು ಅಥವಾ ನೀಲಿ ಬಣ್ಣ, ಬುಡದಲ್ಲಿ ಉಂಗುರದಂಥ ಗೆರೆ, ತುದಿಯಲ್ಲಿ ಗಟ್ಟಿತನ ಇದ್ದರೆ ದೋಷ ಯಂತ್ರದ್ದು. ಕಪ್ಪು ಹಚ್ಚುವಾಗ ಸಾಧು ಆಕಳು ಒದೆಯಲು ಶುರು ಮಾಡಿದರೆ, ಅದಕ್ಕೆ ನೋವಾಗುತ್ತಿದೆ ಎಂದು ತಿಳಿಯಿರಿ. ಹೊಡೆಯಬೇಡಿ.

ಹಾಲಿನ ಪರೀಕ್ಷೆ: ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ. ಪ್ರತಿ ತೊಟ್ಟಿನ ಹಾಲನ್ನು ಬೇರೆ ಬೇರೆ ಬಟ್ಟಲಲ್ಲಿ ಹಿಡಿದು, ಅಷ್ಟೇ ಪ್ರಮಾಣದ ಈ ನೀರು ಬೆರೆಸಿ, ಒಂದು ನಿಮಿಷ ತಿರುಗಿಸಿ. ಲೋಳೆಯಾದರೆ ಕಣ್ಣಿಗೆ ಕಾಣದ ಕೆಚ್ಚಲು ಬಾವು ಇರಬಹುದು, ಪಶುವೈದ್ಯರಿಗೆ ತೋರಿಸಿ. ಪರೀಕ್ಷೆ ಮಾಡಿದ ಹಾಲು ಚೆಲ್ಲಿಬಿಡಿ. ಹಳೆ ಯಂತ್ರ ಬಳಸುವವರು ಇದನ್ನು 15 ದಿನಕ್ಕೊಮ್ಮೆ ಮಾಡಿದರೆ ಒಳ್ಳೆಯದು.

ಇನ್ನೂ ಕೊಂಡಿಲ್ಲವೇ?

• ದುಡ್ಡು ಕೊಡುವ ಮೊದಲು ಯಂತ್ರವನ್ನು 15 ನಿಮಿಷ ನಡೆಸಿ ನೋಡಿ. ಹೆಬ್ಬೆರಳ ಪರೀಕ್ಷೆ ಅಲ್ಲೇ ಮಾಡಿ.
• ಆ ಮಾದರಿಯ ಪಲ್ಸೇಟರ್, ಲೈನರ್ ಬೀದರ್‌ನಲ್ಲೋ ಭಾಲ್ಕಿಯಲ್ಲೋ ಸಿಗುತ್ತದೆಯೇ ಕೇಳಿ. ಬಿಡಿಭಾಗ ಸಿಗದ ಯಂತ್ರ ಅಗ್ಗವಾದರೂ ಬೇಡ.
• ಹೊಸ ಬಿಡಿಭಾಗಗಳ ಖರ್ಚು ಲೆಕ್ಕ ಹಾಕಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.
• ಮಾರುವವರು ಹೇಳಿದ ದೋಷವನ್ನು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ.

ಯಂತ್ರ ರಿಪೇರಿಗೆ ಹೋದ ದಿನಗಳಲ್ಲಿ ಕೈಯಿಂದಲೇ ಹಿಂಡಿ. ಹೆಬ್ಬೆರಳು ಮಡಚಿ ಹಿಂಡಬೇಡಿ, ಪೂರ್ತಿ ಮುಷ್ಟಿಯಿಂದ ಹಿಂಡಿ. ಕೆಚ್ಚಲು ಬಾವು ಬಂದ ಆಕಳಿಗೆ ಯಂತ್ರ ಹಚ್ಚಬೇಡಿ. ಅದನ್ನು ಕೊನೆಗೆ ಕೈಯಿಂದ ಹಿಂಡಿ, ಆ ಹಾಲನ್ನು ಸಂಘದ ಕ್ಯಾನಿಗೆ ಸೇರಿಸಬೇಡಿ.

ಕೆಚ್ಚಲು ಬಿಸಿಯಾಗಿದ್ದರೆ, ಊದಿದ್ದರೆ ಅಥವಾ ಹಾಲಿನಲ್ಲಿ ಹೆಪ್ಪು ಕಂಡರೆ ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

— ಪಶುವೈದ್ಯಾಧಿಕಾರಿ, ಸಂತಪುರ